ಬೆನ್ನ ಮೇಲಿನ ಹೊಲಿಗೆ

ನನ್ನ ಕೆಲಸದ ಬಗ್ಗೆ ನನಗೆ ಜಂಬ ಇದೆ. ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಮೂಗು ಮುರಿಯಬಾರದು. ಅಬುಧಾಬಿಯ ಎಲೆಕ್ಟ್ರಾ ಸ್ಟ್ರೀಟಿನ ಹಿಂದಿನ ಸಾಲಿನಲ್ಲಿ ಹೆಂಗಸರ ಬಟ್ಟೆ ಹೊಲಿಯುವ ಒಂದು ಅಂಗಡಿಯಲ್ಲಿ ಇಪ್ಪತ್ತೆರಡು ವರ್ಷದಿಂದ ಇದ್ದೇನೆ. ಅಳತೆ ತೆಗೆಯುವುದು, ಟ್ರಯಲ್ ಹಾಕಿಸಿ ನೋಡುವುದು, ಕೊನೆಯ ಕೈಹೊಲಿಗೆ ಮುಗಿಸುವುದು ನನ್ನ ಪಾಲು. ಕತ್ತರಿ ಹಿಡಿಯುವುದು ಮಾಸ್ಟರ್. ಕಾರ್ಕಳದ ಕಡೆಯವರು, ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಅಂಗಡಿ ಭಟ್ಕಳದವರದ್ದು. ಹಿರಿಯರು ಊರಿಗೆ ಮರಳಿದ ಮೇಲೆ ಮಗ ನೋಡಿಕೊಳ್ಳುತ್ತಿದ್ದಾರೆ. ವಯಸ್ಸಿನಲ್ಲಿ ನನಗಿಂತ ಚಿಕ್ಕವರು, ನನ್ನನ್ನು ಅಕ್ಕ ಎನ್ನುತ್ತಾರೆ, ನಾನು ಭಾಯಿ ಎನ್ನುತ್ತೇನೆ.

ನನ್ನ ಪಿನ್ನಿನ ದಿಂಬಿನಲ್ಲಿ ಯಾವಾಗಲೂ ನಲವತ್ತು ಗುಂಡುಪಿನ್ನು ಇರುತ್ತವೆ. ಟ್ರಯಲ್ಲಿಗೆ ಮುಂಚೆ ಎಣಿಸುತ್ತೇನೆ, ಬಟ್ಟೆ ಕಳಚಿದ ಮೇಲೆ ಮತ್ತೆ ಎಣಿಸುತ್ತೇನೆ. ಉಡುಪಿಯಲ್ಲಿ ನನಗೆ ಹೊಲಿಗೆ ಕಲಿಸಿದ ಹೆಂಗಸು ಹಾಗೆ ಕಲಿಸಿದ್ದರು. ಬಟ್ಟೆ ಸಡಿಲಾದರೆ ಬಿಗಿ ಮಾಡಬಹುದು, ಗಿಡ್ಡವಾದರೆ ಅಂಚು ಬಿಚ್ಚಬಹುದು, ಒಳಗೆ ಪಿನ್ನು ಬಿಟ್ಟರೆ ಮಾತ್ರ ಆ ಗಿರಾಕಿ ಸಾಯುವ ತನಕ ನಿನ್ನನ್ನು ಬೈಯುತ್ತಾಳೆ ಎನ್ನುತ್ತಿದ್ದರು. ಮೊದಲ ಇಪ್ಪತ್ತು ವರ್ಷದಲ್ಲಿ ಯಾರೂ ನನ್ನನ್ನು ಆ ವಿಷಯಕ್ಕೆ ಬೈದಿರಲಿಲ್ಲ.

ಎರಡು ವರ್ಷದ ಹಿಂದೆ, ಏಪ್ರಿಲ್ ಕೊನೆಯಲ್ಲಿ, ಒಬ್ಬ ಜಪಾನಿ ಅಜ್ಜಿಯನ್ನು ಅವರ ಮಗಳು ಕರೆದುಕೊಂಡು ಬಂದರು. ಮಗಳು ಇಲ್ಲೇ ಒಂದು ಆಫೀಸಿನಲ್ಲಿ ಬಹಳ ವರ್ಷದಿಂದ ಕೆಲಸದಲ್ಲಿದ್ದವರು, ಐವತ್ತರ ಆಚೆ ಈಚೆ. ತಂದೆ ತೀರಿಕೊಂಡ ಮೇಲೆ ತಾಯಿಯನ್ನು ತಮ್ಮ ಹತ್ತಿರವೇ ಇಟ್ಟುಕೊಂಡಿದ್ದರು. ಅಜ್ಜಿಗೆ ಎಂಬತ್ತೈದು. ನನ್ನ ಭುಜದಷ್ಟು ಎತ್ತರ. ಆ ಸೆಕೆಯಲ್ಲೂ ಕುತ್ತಿಗೆಯ ತನಕ ಕಾಲರು, ಮಣಿಕಟ್ಟಿನ ತನಕ ತೋಳು, ಅದೂ ದಪ್ಪ ಬಟ್ಟೆ. ಮುಖ ಕೆಂಪೇರಿತ್ತು. ಬಲಗಡೆ ಹಣೆಯಿಂದ ಬೆವರು ಇಳಿಯುತ್ತಿತ್ತು, ಎಡಗಡೆ ಕುತ್ತಿಗೆ ಮಾತ್ರ ಒಣಗಿದಂತೆ ಇತ್ತು.

ಮಗಳು ಇಂಗ್ಲಿಷಿನಲ್ಲಿ ವಿಷಯ ಹೇಳಿದರು. ತಾಯಿಯ ಎಡಗೈಯಲ್ಲೂ ಕುತ್ತಿಗೆಯಲ್ಲೂ ಹಳೆಯ ಸುಟ್ಟ ಕಲೆ ಇದೆ. ಆ ಚರ್ಮಕ್ಕೆ ಬೆವರುವ ಶಕ್ತಿ ಇಲ್ಲ, ಹಾಗಾಗಿ ಮೈಯ ಬಿಸಿ ಹೊರಗೆ ಹೋಗುವುದಿಲ್ಲ. ದಪ್ಪ ಬಟ್ಟೆ ಬೇಡ ಎಂದು ಇಲ್ಲಿನ ಡಾಕ್ಟರು ಹೇಳಿದ್ದಾರೆ. ಆದರೆ ಕಲೆ ಹೊರಗೆ ಕಾಣುವ ಬಟ್ಟೆಯನ್ನು ತಾಯಿ ಹಾಕುವುದಿಲ್ಲ. ತೆಳ್ಳಗಿರಬೇಕು, ಪೂರ್ತಿ ಮುಚ್ಚಬೇಕು, ಎಲ್ಲೂ ಉಜ್ಜಬಾರದು. ಎರಡು ಕಡೆ ಹೊಲಿಸಿ ಆಯಿತು, ಎರಡನ್ನೂ ಅರ್ಧ ದಿನ ಹಾಕಲಾಗಲಿಲ್ಲ. ಆ ಕಲೆ ತುರಿಸಲು ಶುರುವಾದರೆ ನಿಲ್ಲುವುದಿಲ್ಲವಂತೆ.

ಇಬ್ಬರು ಟೈಲರುಗಳಿಂದ ಆಗಲಿಲ್ಲ ಎಂದರೆ ನನಗೆ ಸುಮ್ಮನಿರಲು ಆಗುತ್ತದೆಯೇ. ಅಜ್ಜಿಯನ್ನು ಪರದೆಯ ಒಳಗೆ ಕರೆದುಕೊಂಡು ಹೋದೆ.

ನಮ್ಮ ಅಂಗಡಿಯ ಪದ್ಧತಿ ಹೀಗೆ: ಪರದೆಯ ಒಳಗೆ ನಾನು ಟೇಪು ಹಿಡಿದು ಅಳತೆ ಕೂಗುತ್ತೇನೆ, ಹೊರಗೆ ಮಾಸ್ಟರ್ ಅದನ್ನೇ ಮತ್ತೆ ಹೇಳಿ ಪುಸ್ತಕದಲ್ಲಿ ಬರೆಯುತ್ತಾರೆ. “ಎದೆ ಮೂವತ್ತೊಂದು” ಎಂದೆ. “ಮೂವತ್ತೊಂದು” ಎಂದರು ಮಾಸ್ಟರ್. “ಭುಜ ಹದಿಮೂರು” ಎಂದೆ. ಅಷ್ಟರಲ್ಲಿ ಅಜ್ಜಿ ನನ್ನ ಕೈಯಿಂದ ಟೇಪನ್ನು ಮೆಲ್ಲಗೆ ಬಿಡಿಸಿ, ಬಿಚ್ಚಿದ್ದ ಅಂಗಿಯನ್ನು ಮತ್ತೆ ಹಾಕಿಕೊಳ್ಳತೊಡಗಿದರು. ಕೋಪ ಇರಲಿಲ್ಲ. ಮುಖದಲ್ಲಿ ಏನೂ ಇರಲಿಲ್ಲ, ಅದೇ ನನಗೆ ಹೆದರಿಕೆ ಹುಟ್ಟಿಸಿತು.

ಮಗಳು ಒಳಗೆ ಬಂದು ತಾಯಿಯ ಹತ್ತಿರ ಏನೋ ಕೇಳಿ ನನಗೆ ವಿವರಿಸಿದರು. ಬಾಂಬು ಬಿದ್ದಾಗ ಅಜ್ಜಿ ಹಿರೋಷಿಮಾದಲ್ಲಿದ್ದ ಏಳು ವರ್ಷದ ಹುಡುಗಿ. ಆಮೇಲೆ ಕೆಲವು ವರ್ಷ ಗಾಡಿ ಬಂದು ಅವರನ್ನು ಬಾಂಬು ಹಾಕಿದವರೇ ನಡೆಸುತ್ತಿದ್ದ ಒಂದು ವೈದ್ಯಕೀಯ ಪರೀಕ್ಷೆಯ ಕಟ್ಟಡಕ್ಕೆ ಕರೆದುಕೊಂಡು ಹೋಗುತ್ತಿತ್ತು. ಬಟ್ಟೆ ಬಿಚ್ಚಿಸಿ ನಿಲ್ಲಿಸುತ್ತಿದ್ದರು. ಒಬ್ಬ ಅಳೆದು ಕೂಗುತ್ತಿದ್ದ, ಇನ್ನೊಬ್ಬ ಬರೆದುಕೊಳ್ಳುತ್ತಿದ್ದ. ರಕ್ತ ತೆಗೆಯುತ್ತಿದ್ದರು, ಫೋಟೋ ಹಿಡಿಯುತ್ತಿದ್ದರು, ಮನೆಗೆ ಬಿಡುತ್ತಿದ್ದರು. ಔಷಧ ಮಾತ್ರ ಕೊಡುತ್ತಿರಲಿಲ್ಲ.

ಹಿರೋಷಿಮಾ ಎನ್ನುವುದು ನನಗೆ ಹೈಸ್ಕೂಲಿನಲ್ಲಿ ಎರಡು ಅಂಕದ ಪ್ರಶ್ನೆಯಾಗಿತ್ತು. ಉರು ಹೊಡೆದು ಬರೆದಿದ್ದೆ, ಎರಡಕ್ಕೆ ಎರಡೂ ಬಂದಿತ್ತು. ಆ ಎರಡು ಅಂಕ ನೆನಪಾಗಿ ನಾಚಿಕೆಯಾಯಿತು. ಹೊರಗೆ ಹೋಗಿ ಮಾಸ್ಟರಿಗೆ, “ನೀವು ಒಂದು ಚಾ ಕುಡಿದು ಬನ್ನಿ” ಎಂದೆ. “ಈಗ ತಾನೇ ಕುಡ್ದೆ” ಎಂದರು. “ಇನ್ನೊಂದು ಕುಡೀರಿ ಮಾರಾಯ್ರೆ” ಎಂದು ಕಳಿಸಿ, ಪುಸ್ತಕ ಎತ್ತಿಕೊಂಡು ಬಂದೆ. ಹೊಸ ಹಾಳೆಯಲ್ಲಿ ಒಂದು ಹೆಂಗಸಿನ ಚಿತ್ರ ಬರೆದು, ಪುಸ್ತಕವನ್ನೂ ಪೆನ್ಸಿಲನ್ನೂ ಅಜ್ಜಿಯ ಕೈಗೆ ಕೊಟ್ಟೆ. ನಾನು ಟೇಪು ಹಿಡಿದು ತೋರಿಸುತ್ತೇನೆ, ನೀವೇ ನೋಡಿ ನೀವೇ ಬರೆಯಿರಿ ಎಂದು ಕೈಸನ್ನೆ ಮಾಡಿದೆ. ಅಜ್ಜಿ ಸ್ವಲ್ಪ ಹೊತ್ತು ಚಿತ್ರವನ್ನು ನೋಡಿದರು. ನಾನು ಬರೆದ ಹೆಂಗಸು ದಪ್ಪಗಿದ್ದಳು. ಪೆನ್ಸಿಲಿನಲ್ಲಿ ಅವಳ ಸೊಂಟವನ್ನು ಎರಡೂ ಕಡೆಯಿಂದ ಒಳಗೆ ತಳ್ಳಿ ಸರಿಪಡಿಸಿ, ಆಮೇಲೆ ಅಂಗಿ ಬಿಚ್ಚಿದರು.

ಎಡಗೈ ಪೂರ್ತಿ ನೆಟ್ಟಗಾಗುತ್ತಿರಲಿಲ್ಲ. ಮೊಣಕೈ ಬಾಗಿಸಿದಲ್ಲೇ ಚರ್ಮ ಬಿಗಿದು ನಿಂತಿತ್ತು. ಅಲ್ಲಿಂದ ಮೇಲೂ ಕೆಳಗೂ, ಕುತ್ತಿಗೆಯ ಎಡಗಡೆಯಲ್ಲೂ, ಒಲೆಯ ಮೇಲೆ ಉಕ್ಕಿ ಒಣಗಿದ ಗಂಜಿಯ ಹಾಗೆ ಚರ್ಮ ದಪ್ಪಗೆ ಎದ್ದಿತ್ತು. ಆದರೆ ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಭುಜದಿಂದ ನಾಲ್ಕು ಇಂಚು ಕೆಳಗೆ ಆ ಕಲೆ ಒಮ್ಮೆಗೇ ನಿಂತಿತ್ತು. ತೋಳಿನ ಸುತ್ತ ಒಂದು ಗೆರೆ, ಗೆರೆಯಿಂದ ಮೇಲೆ ನುಣ್ಣನೆಯ ಚರ್ಮ. ಗಾಯ ಹೀಗೆ ಲೆಕ್ಕ ಹಾಕಿ ನಿಲ್ಲುವುದಿಲ್ಲ. ಇಷ್ಟು ವರ್ಷ ತೋಳು ಹೊಲಿದವಳಿಗೆ ಅದು ಏನೆಂದು ತಿಳಿಯಿತು. ಗೆರೆಯ ಮೇಲೆ ಬೆರಳಾಡಿಸದೆ, ಸ್ವಲ್ಪ ದೂರದಲ್ಲೇ ಬೆರಳು ಹಿಡಿದು, ಗಿಡ್ಡ ತೋಳಿನ ಅಂಚು ಮಡಿಸಿ ಹೊಲಿಯುವ ಅಭಿನಯ ಮಾಡಿದೆ.

ಅಜ್ಜಿ ನಕ್ಕರು. ಅಲ್ಲಿ ತನಕ ನಕ್ಕಿರಲಿಲ್ಲ. ಮಗಳ ಕಡೆ ತಿರುಗಿ ಬಹಳ ಹೊತ್ತು ಮಾತಾಡಿದರು. ಅದು ಅವರ ಅಮ್ಮ ಹಳೆಯ ಬಿಳಿ ಹಾಸುಬಟ್ಟೆಯಲ್ಲಿ ಹೊಲಿದಿದ್ದ ಅಂಗಿಯಂತೆ. ಬಿಳಿ ಬಟ್ಟೆ ಆ ಬೆಳಕನ್ನು ವಾಪಸ್ಸು ಕಳಿಸಿತು, ಅದರಡಿ ಇದ್ದ ಚರ್ಮ ಉಳಿಯಿತು. ಹುಡುಗಿ ಕಿಟಕಿಗೆ ಎಡಮಗ್ಗುಲಾಗಿ ನಿಂತಿದ್ದಳು. ಮೊದಲು ಬೆಳಕು ಬಂತು. ತಿರುಗುವಷ್ಟು ಸಮಯ ಸಿಕ್ಕಿತು. ಬೆನ್ನು ಹಾಕಿದ್ದಳಷ್ಟೆ, ಗಾಳಿ ಬಂದು ಕಿಟಕಿಯ ಗಾಜನ್ನೆಲ್ಲ ಬೆನ್ನಿಗೆ ಹೊಡೆಯಿತು. ಬೆನ್ನ ತುಂಬ ಚಿಕ್ಕ ಚಿಕ್ಕ ಬಿಳಿ ಚುಕ್ಕೆಗಳಿದ್ದವು. ಟೇಪು ಇಡುವಾಗ ಎರಡು ಮೂರು ಕಡೆ ಚರ್ಮದಡಿ ಏನೋ ಗಟ್ಟಿಯಾಗಿ ಬೆರಳಿಗೆ ಸಿಕ್ಕಿತು. ಹಳೆಯ ಗಾಯದ ಗಂಟು ಎಂದುಕೊಂಡು ಮುಂದೆ ಹೋದೆ.

ಕುತ್ತಿಗೆಯ ಮುಂದೆ ಅಡ್ಡಕ್ಕೆ ಇನ್ನೊಂದು ಸಣ್ಣ ಗೆರೆ ಇತ್ತು. ಅದು ಥೈರಾಯ್ಡ್ ಆಪರೇಷನ್ನಿನದು. ಎರಡೂ ಕಣ್ಣಿನ ಪೊರೆ ಬೇಗನೆ ತೆಗೆಸಬೇಕಾಯಿತು. ಮೊಣಕೈ ಬಿಡಿಸಲು ಹುಡುಗಿಯಾಗಿದ್ದಾಗ ತೊಡೆಯ ಚರ್ಮ ತೆಗೆದು ಹಾಕಿದ್ದರು, ಅದೂ ಮತ್ತೆ ಬಿಗಿದುಕೊಂಡಿತು. ಮಗಳು ಇದನ್ನೆಲ್ಲ ಗಂಭೀರವಾಗಿ ಹೇಳುತ್ತಿದ್ದರೆ ಅಜ್ಜಿ ನಡುವೆ ಬಾಯಿ ಹಾಕಿದರು. ಮಗಳು ಒಲ್ಲದ ಮನಸ್ಸಿನಿಂದ ಅನುವಾದಿಸಿದರು: “ನನ್ನ ಒಂದೊಂದೇ ಭಾಗ ರಿಪೇರಿಗೆ ಹೋಗಿ ಬಂದಿದೆ, ನಾಲಿಗೆ ಮಾತ್ರ ಕಂಪನಿಯದ್ದೇ ಅಂತೆ.” ಆ ಕ್ಷಣದಿಂದ ನಾನು ಅಜ್ಜಿಯ ಪಕ್ಷ.

ಆ ಅಂಗಿಗೆ ಹನ್ನೊಂದು ದಿನ ತೆಗೆದುಕೊಂಡೆ. ತೆಳ್ಳನೆಯ ಮಲ್‌ಮಲ್ ಹತ್ತಿ ಬಟ್ಟೆ. ಎಡತೋಳನ್ನು ಮೊಣಕೈ ಬಾಗಿದಂತೆಯೇ ಬಗ್ಗಿಸಿ ಕತ್ತರಿಸಲು ಮಾಸ್ಟರಿಗೆ ಹೇಳಿದೆ. “ಇದೆಂತ ಬಾಳೆಹಣ್ಣಾ” ಎಂದರು. ಕಾಲರು ಕುತ್ತಿಗೆಯಿಂದ ಒಂದು ಬೆರಳು ದೂರ ನಿಲ್ಲಬೇಕು. ಹೊಲಿಗೆಗಳನ್ನೆಲ್ಲ ಹೊರಗೆ ತಿರುಗಿಸಿ, ಮೇಲೆ ಸಣ್ಣ ಪಟ್ಟಿ ಹೊಲಿದು, ನೋಡುವವರಿಗೆ ಡಿಸೈನ್ ಎಂದು ಕಾಣುವಂತೆ ಮಾಡಿದೆ. ಬೆನ್ನಿನ ನಡುವೆ, ಲೈನಿಂಗಿನ ಒಂದು ಹೊಲಿಗೆಯನ್ನು ಮಾತ್ರ ಒಳಗೇ ಬಿಟ್ಟೆ. ಬೆನ್ನಿನ ಮೇಲೆ ಪಟ್ಟಿ ಬಂದರೆ ಚಂದ ಕಾಣುವುದಿಲ್ಲ. ಬೆನ್ನಿನಲ್ಲಿ ಎದ್ದು ನಿಂತ ಕಲೆಯೇನೂ ಇಲ್ಲವಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಅಲ್ಲಿ ನನ್ನ ಕೈ ಅಲ್ಲ, ಜಂಬ ಹೊಲಿದದ್ದು.

ಅಂಗಿ ಹಾಕಿಕೊಂಡ ಅಜ್ಜಿ ಕೈ ಎತ್ತಿದರು, ಇಳಿಸಿದರು, ಕೂತರು, ಎದ್ದರು. ಆಮೇಲೆ ನನ್ನ ಮುಂದೆ ಸೊಂಟ ಬಗ್ಗಿಸಿ ನಮಸ್ಕರಿಸಿದರು. ಅಷ್ಟು ವಯಸ್ಸಾದವರು ನನಗೆ ಬಗ್ಗುವುದೆಂದರೇನು, ನಾನು ಗಡಿಬಿಡಿಯಲ್ಲಿ ಅವರ ಕಾಲು ಮುಟ್ಟಲು ಬಗ್ಗಿದೆ. ಅವರು ಗಾಬರಿಯಾಗಿ ಇನ್ನೂ ಕೆಳಗೆ ಬಗ್ಗಿದರು. ಇಬ್ಬರ ತಲೆಯೂ ಡಿಕ್ಕಿ ಹೊಡೆಯುವುದು ಸ್ವಲ್ಪದರಲ್ಲಿ ತಪ್ಪಿತು.

ಹತ್ತು ದಿನ ಕಳೆದಿರಬೇಕು. ಮಗಳು ಒಬ್ಬರೇ ಬಂದರು. ಚೀಲದಿಂದ ಅಂಗಿ ತೆಗೆದು ಭಾಯಿಯ ಮುಂದೆ ಹರಡಿದರು. ಬೆನ್ನಿನ ಹೊಲಿಗೆಯ ಮೇಲೆ ಉಗುರಿನಷ್ಟು ಅಗಲದ ಕಂದು ಕಲೆ.

“ಒಳಗೆ ಸೂಜಿ ಬಿಟ್ಟಿದ್ದೀರಿ” ಎಂದರು. “ಅಮ್ಮನಿಗೆ ಚುಚ್ಚಿ ರಕ್ತ ಬಂದಿದೆ. ತೋರಿಸು ಎಂದರೆ ತೋರಿಸುತ್ತಿಲ್ಲ, ಆಸ್ಪತ್ರೆಗೂ ಬರುವುದಿಲ್ಲ ಎನ್ನುತ್ತಿದ್ದಾಳೆ. ಈ ವಯಸ್ಸಿನಲ್ಲಿ, ಆ ಬೆನ್ನಿನಲ್ಲಿ ಗಾಯ ಕೀವಾದರೆ ಏನಾಗುತ್ತದೆ ಗೊತ್ತಾ ನಿಮಗೆ?” ಅವರ ಸ್ವರ ಏರಲಿಲ್ಲ.

ನಾನು ಹೋಗಿ ಪಿನ್ನು ಎಣಿಸಿದೆ. ಮೂವತ್ತೊಂಬತ್ತು. ಮತ್ತೆ ಎಣಿಸಿದೆ. ಮೂವತ್ತೊಂಬತ್ತೇ. ಗಡಿಬಿಡಿಯಲ್ಲಿ ಯಾವ ದಿನದ ಎಣಿಕೆ ತಪ್ಪಿತೋ, ಆ ಒಂದು ಯಾವಾಗ ಹೋಯಿತು, ಎಲ್ಲಿ ಹೋಯಿತು, ಇವತ್ತಿಗೂ ಗೊತ್ತಿಲ್ಲ. ಅವರೆದುರೇ ಲೈನಿಂಗ್ ಬಿಚ್ಚಿದೆವು. ಮಾಸ್ಟರ್ ಅಯಸ್ಕಾಂತ ಹಿಡಿದು ಇಂಚು ಇಂಚಾಗಿ ಆಡಿಸಿದರು. ಏನೂ ಸಿಗಲಿಲ್ಲ. ದಾರಿಯಲ್ಲಿ ಎಲ್ಲೋ ಉದುರಿರಬೇಕು ಎಂದರು ಮಗಳು.

ಅವರು ಹೋದ ಮೇಲೆ ಭಾಯಿ ನನ್ನ ಮುಖ ನೋಡದೆ ಹೇಳಿದರು. “ಅಕ್ಕ, ಒಂದ್ಸಲ ‘ಸಾರಿ’ ಹೇಳಿದ್ರೆ ಅಲ್ಲೇ ಖಲಾಸ್ ಆಗ್ತಿತ್ತು.”

“ಮಾಡಿದ್ದು ನಾನು ಅಂತ ಗೊತ್ತಾದ್ರೆ ಕಾಲು ಹಿಡೀತೇನೆ ಭಾಯಿ. ಗೊತ್ತಿಲ್ಲದ್ದಕ್ಕೆ ಹೇಗೆ ಹೇಳುದು?”

“ಪಿನ್ನು ಕಮ್ಮಿ ಉಂಟಲ್ಲ ಅಕ್ಕ.” ಬಿಚ್ಚಿದ ಅಂಗಿಯನ್ನು ಮಡಿಸುತ್ತಾ, “ಸ್ವಲ್ಪ ದಿನ ಟ್ರಯಲ್ ಬೇಡ. ಹಿಂದೆ ಕೂತು ಗುಂಡಿ, ಕಾಜ ನೋಡಿಕೊಳ್ಳಿ” ಎಂದರು.

ಹಿಂದೆ ಎಂದರೆ ಇಸ್ತ್ರಿ ಮೇಜಿನ ಆಚೆ, ಗಿರಾಕಿಗಳಿಗೆ ಕಾಣದ ಮೂಲೆ. ಮೊದಲ ವರ್ಷ ನಾನು ಕೂರುತ್ತಿದ್ದ ಜಾಗ. ನಾಲ್ಕು ದಿನ ಅಲ್ಲಿ ಕೂತು ಗುಂಡಿ ಹೊಲಿದೆ. ನನಗೆ ಅವಮಾನವಾಗಿತ್ತು, ಸಿಟ್ಟು ಬಂದಿತ್ತು. ಎಲ್ಲಕ್ಕಿಂತ ಹೆಚ್ಚಾಗಿ ಹೆದರಿಕೆಯಾಗಿತ್ತು. ಅಷ್ಟೆಲ್ಲ ದಾಟಿ ಬಂದ ಆ ಜೀವವನ್ನು ನನ್ನ ಒಂದು ಪಿನ್ನು ಮುಗಿಸಿದರೆ ಎಂದು ಯೋಚಿಸುತ್ತಾ ಎರಡು ಕಾಜ ಹಾಳು ಮಾಡಿದೆ. ಮಾಸ್ಟರ್ ನೋಡಿದರು, ತಾವೇ ಬಿಚ್ಚಿ ಸರಿಮಾಡಿದರು.

ಐದನೆಯ ದಿನ ಮಧ್ಯಾಹ್ನ ಅಜ್ಜಿ ಬಂದರು. ಮಗಳು ಹಿಂದಿನಿಂದ ಬಂದರು, ಯಾಕೆ ಬಂದದ್ದೆಂದು ಅವರಿಗೇ ಗೊತ್ತಿದ್ದಂತೆ ಕಾಣಲಿಲ್ಲ. ಟೈಲರ್ ಹತ್ತಿರ ಕರೆದುಕೊಂಡು ಹೋಗು ಎಂದು ಅಜ್ಜಿ ಬೆಳಿಗ್ಗೆಯಿಂದ ಹಟ ಹಿಡಿದಿದ್ದರಂತೆ. ಭಾಯಿ ಕುರ್ಚಿ ಕೊಟ್ಟರು. ಅಜ್ಜಿ ಕೂರಲಿಲ್ಲ. ಒಳಗೆ ಇಣುಕಿ ಹುಡುಕಿ, ಇಸ್ತ್ರಿ ಮೇಜಿನ ಆಚೆ ಇದ್ದ ನನ್ನನ್ನು ಕೈ ಮಾಡಿ ಕರೆದರು. ಮಾಸ್ಟರನ್ನೂ ಕರೆದರು. ಮಗಳೂ ಸೇರಿ ನಾವು ನಾಲ್ವರೂ ಸಾಲಾಗಿ ನಿಂತ ಮೇಲೆ ಪರ್ಸಿನಿಂದ ಮಡಿಸಿದ ಒಂದು ಕಾಗದ ತೆಗೆದು ಮೇಜಿನ ಮೇಲೆ ಬಿಡಿಸಿದರು.

ಅದರಲ್ಲಿ ಒಂದು ಅಕ್ಕಿಕಾಳಿನಷ್ಟು ಗಾಜು ಇತ್ತು. ತಿಳಿ ಹಸಿರು. ಅಂಚು ಸವೆದು ನುಣ್ಣಗಾಗಿತ್ತು.

ಅಜ್ಜಿ ಒಂದೊಂದೇ ವಾಕ್ಯ ಹೇಳಿದರು, ಮಗಳು ಒಂದೊಂದನ್ನೇ ಇಂಗ್ಲಿಷಿಗೆ ತಂದರು. ಇದು ನನ್ನ ಬೆನ್ನಿನಿಂದ ಮೊನ್ನೆ ಬಂದದ್ದು. ಕನ್ನಡಿ ನೋಡಿಕೊಂಡು ನಾನೇ ಚಿಮುಟದಿಂದ ತೆಗೆದೆ. ಆಗ ನನ್ನ ಅಮ್ಮ ನನ್ನನ್ನು ಬಿಸಿಲಿನಲ್ಲಿ ಬೋರಲು ಮಲಗಿಸಿ, ಹೊಲಿಗೆ ಸೂಜಿಯಿಂದ ಗಾಜು ಹೆಕ್ಕಿದಳು. ದಿನವೂ ಹೆಕ್ಕುತ್ತಿದ್ದಳು. ಆಮೇಲೆ ಅವಳ ಕೂದಲು ಉದುರಿತು, ಒಸಡಿನಲ್ಲಿ ರಕ್ತ ಬಂತು. ಸೂಜಿ ಹಿಡಿಯಲು ಆಗದ ದಿನ ಬಂತು. ಹೆಕ್ಕದೆ ಉಳಿದದ್ದು ಒಳಗೇ ಉಳಿಯಿತು. ಮೂವತ್ತನೆಯ ವಯಸ್ಸಿನಲ್ಲಿ ಒಂದು ತಾನಾಗಿ ಮೇಲೆ ಬಂತು. ಐವತ್ತು ದಾಟಿದ ಮೇಲೆ ಇನ್ನೊಂದು.

ಅಲ್ಲಿಗೆ ಮಗಳು ಅನುವಾದ ನಿಲ್ಲಿಸಿದರು. “ಇದನ್ನು ಇವಳು ನನಗೆ ಯಾವತ್ತೂ ಹೇಳಿಲ್ಲ” ಎಂದು ನಮಗೆ ಹೇಳಿದರು, ತಪ್ಪು ನಮ್ಮದೇ ಎನ್ನುವಂತೆ. “ಎಲ್ಲ ಆವಾಗಲೇ ತೆಗೆದಾಯಿತು ಎಂದಿದ್ದಳು.”

ಅಜ್ಜಿ ಕಾದರು. ಮಗಳು ಮುಂದುವರಿಸುವುದಿಲ್ಲ ಎಂದು ಗೊತ್ತಾದಾಗ ತಮ್ಮದೇ ಹರಕು ಮುರುಕು ಇಂಗ್ಲಿಷಿನಲ್ಲಿ ಹೇಳತೊಡಗಿದರು. ಮಗಳ ಮದುವೆಯ ಮಾತು ಬಂದಾಗ ಹುಡುಗನ ಕಡೆಯವರು ಕೇಳಿದರು, ನಿಮ್ಮ ಮೈಯೊಳಗೆ ಆ ದಿನದ್ದು ಏನಾದರೂ ಉಳಿದಿದೆಯೇ ಎಂದು. ಅಂಥ ತಾಯಿಯ ಮಗಳನ್ನು ತರಲು ಜನ ಹೆದರುತ್ತಿದ್ದರು. ಏನೂ ಇಲ್ಲ ಎಂದೆ. ಒಮ್ಮೆ ಹೇಳಿದ ಮೇಲೆ ಹೇಳುತ್ತಲೇ ಇರಬೇಕಾಯಿತು. ಸೂಜಿ ಎಂದು ಮಗಳು ಹೇಳಿದಾಗ ಸುಮ್ಮನಿದ್ದೆ. ಆ ಹೆಂಗಸನ್ನು ಹಿಂದೆ ಕೂರಿಸಿದ್ದೇವೆ ಎಂದು ಅಂಗಡಿಯವರು ಮಗಳಿಗೆ ಫೋನಿನಲ್ಲಿ ಹೇಳಿದ್ದು ನಿನ್ನೆ ಗೊತ್ತಾಯಿತು.

ಅಜ್ಜಿ ಇಸ್ತ್ರಿ ಮೇಜಿನ ಕಡೆ ಬೆರಳು ತೋರಿಸಿದರು. “ನನಗೂ ಒಂದು ಅಂಗಡಿಯಲ್ಲಿ ಕೆಲಸ ಇತ್ತು. ಗಿರಾಕಿಗಳು ಹೆದರುತ್ತಾರೆ ಎಂದು ನನ್ನನ್ನೂ ಹಿಂದೆ ಕೂರಿಸಿದ್ದರು. ಹತ್ತೊಂಬತ್ತು ವರ್ಷ.” ಆಮೇಲೆ ಕಾಗದವನ್ನು ಭಾಯಿಯ ಕಡೆ ತಳ್ಳಿ ಹೇಳಿದರು, “ಇದು ಇವಳದ್ದಲ್ಲ. ನನ್ನದು.”

ನನ್ನ ಕೆಲಸವನ್ನು ಹೊಗಳಿದವರು ಎಷ್ಟೋ ಜನ ಇದ್ದಾರೆ. ಮದುವಣಗಿತ್ತಿಯರು ತಬ್ಬಿಕೊಂಡಿದ್ದಾರೆ, ಅಲ್ ಐನಿನಿಂದ ಹುಡುಕಿಕೊಂಡು ಬಂದವರಿದ್ದಾರೆ. ಆದರೆ ನನ್ನ ಹೆಸರು ಕೆಡಬಾರದೆಂದು ಒಬ್ಬರು ತಮ್ಮ ಜೀವಮಾನದ ಗುಟ್ಟನ್ನು ಮೇಜಿನ ಮೇಲೆ ಬಿಡಿಸಿ ಇಟ್ಟದ್ದು ಅದೇ ಮೊದಲು. ಎದೆ ತುಂಬಿ ಬಂತು. ಈಗಲೂ ಬರುತ್ತದೆ. ನನ್ನ ಬಗ್ಗೆ ಇದ್ದ ಜಂಬ ಅವತ್ತು ಸ್ವಲ್ಪ ಕರಗಿತು, ಆ ಅಜ್ಜಿಗೆ ಅಂಗಿ ಹೊಲಿದವಳು ನಾನು ಎಂಬ ಜಂಬ ಮಾತ್ರ ಸಾಯುವ ತನಕ ಹೋಗುವುದಿಲ್ಲ.

ಭಾಯಿ ಒಂದು ಹೆಜ್ಜೆ ನನ್ನ ಕಡೆ ಬಂದರು. “ಅಕ್ಕ, ನನ್ದು ತಪ್ಪಾಯ್ತು. ಮಾಫ್ ಮಾಡಿ” ಎಂದರು. ಒಳ್ಳೆಯ ಮನುಷ್ಯ, ಕಿವಿಯ ತನಕ ಕೆಂಪಾಗಿದ್ದರು. ಮಾಸ್ಟರ್ ನನ್ನ ಟೇಪನ್ನು ತಂದು ನನ್ನ ಕೊರಳಿಗೆ ಹಾಕಿದರು.

ಆದರೆ ನನಗೂ ಒಂದು ಹೇಳುವುದಿತ್ತು. ಬಿಚ್ಚಿದ ಅಂಗಿ ತಂದು, ಆ ಒಂದು ಹೊಲಿಗೆಯನ್ನು ಒಳಗೆ ಬಿಟ್ಟವಳು ನಾನೇ, ಚಂದಕ್ಕೆ ಬಿಟ್ಟೆ, ಅದು ಉಜ್ಜಿಯೇ ಗಾಜು ಮೇಲೆ ಬಂದಿರಬೇಕು ಎಂದೆ. ಬೆರಳಿಗೆ ಸಿಕ್ಕಿದ್ದನ್ನು ಗಂಟು ಎಂದುಕೊಂಡೆ ಎಂದೂ ಹೇಳಿದೆ. ಅಜ್ಜಿ ಕೈ ಅಲ್ಲಾಡಿಸಿದರು. “ಅದಕ್ಕೆ ಬರುವ ಕಾಲ ಬಂದಿತ್ತು. ನಿನ್ನ ಹೊಲಿಗೆ ದಾರಿ ತೋರಿಸಿತು” ಎಂದರು. ನಾಳೆ ಆಸ್ಪತ್ರೆಗೆ ಬರುತ್ತೇನೆ, ಎಕ್ಸ್‌ರೇ ತೆಗೆಯಲಿ, ಉಳಿದದ್ದು ಎಷ್ಟಿದೆ ಎಂದು ಎಣಿಸಲಿ ಎಂದು ತಾವಾಗಿಯೇ ಹೇಳಿದರು.

ಮಗಳು ಅಲ್ಲಿ ತನಕ ಕದಲದೆ ನಿಂತಿದ್ದರು. ಅಜ್ಜಿ ಅವರ ಕೈ ಹಿಡಿದು ಪರದೆಯ ಒಳಗೆ ಕರೆದುಕೊಂಡು ಹೋದರು, ನನ್ನನ್ನೂ ಕರೆದರು. ಬೆನ್ನು ತಿರುಗಿಸಿ, ಗುಂಡಿ ಬಿಚ್ಚಿ, ಅಂಗಿಯನ್ನು ಭುಜದಿಂದ ಇಳಿಸಿದರು. ಹೊಸ ಗಾಯ ಚಿಕ್ಕದು, ಒಣಗುತ್ತಿತ್ತು, ಸುತ್ತ ಕೆಂಪಿರಲಿಲ್ಲ. ನಾನು ಮಗಳ ಬೆರಳು ಹಿಡಿದು, ಮೊದಲ ದಿನ ನನಗೆ ಗಟ್ಟಿಯಾಗಿ ಸಿಕ್ಕಿದ ಜಾಗದ ಮೇಲೆ ಇಟ್ಟೆ. ಅಜ್ಜಿ ಮೆಲ್ಲಗೆ ಏನೋ ಹೇಳಿದರು, ಬೆರಳು ಎಡಕ್ಕೆ ಸರಿಯಿತು, ಅಲ್ಲೊಂದು ಸಿಕ್ಕಿತು. ಇನ್ನೂ ಕೆಳಗೆ ಇನ್ನೊಂದು. ಮಗಳು ಮಗುವಾಗಿದ್ದಾಗ ಆ ಬೆನ್ನಿಗೆ ನೀರು ಹಾಕಿರಬಹುದು, ಸೋಪು ಉಜ್ಜಿರಬಹುದು. ಗಾಜು ಎಲ್ಲಿದೆ ಎಂದು ತಾಯಿ ತಾನೇ ಹೇಳಿಕೊಟ್ಟು ಮುಟ್ಟಿಸಿದ್ದು ಅವತ್ತು.

ಮಗಳು ಅಳುತ್ತಿದ್ದರು. ಹಾಗೇ ನನ್ನ ಕಡೆ ಮುಖ ತಿರುಗಿಸಿ, ನಾನು ನಿಮಗೆ ಅವತ್ತು ಏನೇನೋ ಅಂದುಬಿಟ್ಟೆ ಎಂದು ಕ್ಷಮೆ ಕೇಳಲು ಶುರುಮಾಡಿದರು. ಅವರ ಅಂಗೈ ಇನ್ನೂ ತಾಯಿಯ ಬೆನ್ನಿನ ಮೇಲೆ ಇತ್ತು.

“ಅದೆಲ್ಲ ಆಮೇಲೆ” ಎಂದೆ. “ಕೈ ತೆಗೆಯಬೇಡಿ.”